ಒಂದು ನಂಬರು, ಇಬ್ಬರು ವಾರಸುದಾರರು: ಮನೆಯ ಸರ್ವರ್ ಮತ್ತು ವಿಳಾಸ ಜಗಳದ ಚರಿತ್ರೆ

ಮನೆಯಲ್ಲಿ ಒಂದು ಸಣ್ಣ ಸರ್ವರ್ ಇಟ್ಟುಕೊಳ್ಳುವುದು ಈಗ ಅಂಥ ದೊಡ್ಡ ಸಂಗತಿಯೇನಲ್ಲ. ಹಳೆಯ ಲ್ಯಾಪ್‌ಟಾಪೋ, ಅಂಗೈಯಗಲದ ರಾಸ್ಪ್‌ಬೆರಿ ಪೈಯೋ, ಎರಡು ಹಾರ್ಡ್‌ಡಿಸ್ಕ್ ಹಾಕಿದ ಪೆಟ್ಟಿಗೆಯೋ ರೌಟರಿನ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತದೆ. ಅದರೊಳಗೆ ಮದುವೆಯ ಫೋಟೋಗಳು, ಮಕ್ಕಳ ವಿಡಿಯೋಗಳು, ಊರಿನ ಮನೆಯ ಕಾಗದಪತ್ರಗಳ ಸ್ಕ್ಯಾನ್, ಅಜ್ಜಿ ಹೇಳಿದ ಹಾಡುಗಳ ಧ್ವನಿಮುದ್ರಣ. ಮನೆಯ ಜಾಲದಲ್ಲಿ ಅದಕ್ಕೊಂದು ನಂಬರು, 192.168.1.10 ಎಂದುಕೊಳ್ಳಿ. ಮನೆಮಂದಿಯ ಫೋನುಗಳು, ಟಿವಿ, ರಾತ್ರಿ ಎರಡಕ್ಕೆ ಓಡುವ ಬ್ಯಾಕಪ್ ಎಲ್ಲವೂ ಆ ನಂಬರನ್ನು ನಂಬಿಕೊಂಡಿರುತ್ತವೆ.

ಹೀಗಿರುವಾಗ ಮನೆಗೆ ಸಿಸಿಟಿವಿ ಬರುತ್ತದೆ. ಹಾಕಲು ಬಂದ ಹುಡುಗ ಅದರ ಪೆಟ್ಟಿಗೆಗೂ 192.168.1.10 ಅಂತಲೇ ಕೊಟ್ಟು ಹೋಗುತ್ತಾನೆ. ಅಲ್ಲಿಂದ ವಿಚಿತ್ರ ಶುರು. ಫೋನಿನಲ್ಲಿ ಫೋಟೋ ತೆರೆಯುತ್ತದೆ, ಲ್ಯಾಪ್‌ಟಾಪಿನಲ್ಲಿ ಅದೇ ವಿಳಾಸಕ್ಕೆ ಹೋದರೆ ಕ್ಯಾಮೆರಾದ ಲಾಗಿನ್ ಪುಟ. ಹತ್ತು ನಿಮಿಷ ಬಿಟ್ಟು ನೋಡಿದರೆ ಉಲ್ಟಾ. ಬ್ಯಾಕಪ್ ಯಾವತ್ತೋ ನಿಂತುಹೋಗಿರುತ್ತದೆ. ಡಿಸ್ಕ್ ಕೈಕೊಡುವ ದಿನದವರೆಗೂ ಅದು ಯಾರ ಗಮನಕ್ಕೂ ಬರುವುದಿಲ್ಲ. ಸರ್ವರ್ ಕೆಟ್ಟಿಲ್ಲ, ಕ್ಯಾಮೆರಾ ಕೆಟ್ಟಿಲ್ಲ, ತಂತಿಯೂ ಸರಿಯಾಗಿದೆ. ಆದರೂ ಮನೆಯ ನೆನಪುಗಳಿಗೆ ದಾರಿ ತಪ್ಪಿದೆ.

ಇದನ್ನು ರಿಪೇರಿಯ ಮಾತೆಂದು ಮುಗಿಸಿಬಿಡಬಹುದು. ಆದರೆ ಈ ಗೊಂದಲದ ಬೇರು ನಾಲ್ಕು ದಶಕಗಳ ಹಿಂದೆ ತೆಗೆದುಕೊಂಡ ಕೆಲವು ತೀರ್ಮಾನಗಳಲ್ಲಿದೆ. ಯಾವ ನಂಬರು ಯಾರದೆಂದು ಹೇಳುವವರು ಯಾರು? ಹೇಳಿದ್ದನ್ನು ಉಳಿದವರು ಏಕೆ ನಂಬಬೇಕು? ಇಂಟರ್ನೆಟ್ಟಿನ ಚರಿತ್ರೆಯಲ್ಲಿ ಈ ಎರಡು ಪ್ರಶ್ನೆಗಳಿಗೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರಗಳು ಬಂದಿವೆ. ಆ ಉತ್ತರಗಳೆಲ್ಲವೂ ಇಂದು ನಮ್ಮ ಹಜಾರದ ಮೂಲೆಯ ರೌಟರಿನಲ್ಲಿ ಒಂದರ ಮೇಲೊಂದು ಕೂತಿವೆ.

ಖಾತೆ ಪುಸ್ತಕದ ಕಾಲ

ಇಂಟರ್ನೆಟ್ಟಿನ ಪೂರ್ವಜ ಅರ್ಪಾನೆಟ್ 1969ರಲ್ಲಿ ಶುರುವಾದಾಗ ಅದರಲ್ಲಿ ಇದ್ದದ್ದು ಬೆರಳೆಣಿಕೆಯ ಯಂತ್ರಗಳು. ಯಂತ್ರಗಳನ್ನು ನೋಡಿಕೊಳ್ಳುವವರಿಗೆ ಒಬ್ಬರಿಗೊಬ್ಬರ ಪರಿಚಯವಿತ್ತು. 1972ರಲ್ಲಿ ಕ್ಯಾಲಿಫೋರ್ನಿಯಾದ ಜಾನ್ ಪೋಸ್ಟೆಲ್ ಒಂದು ಸಣ್ಣ ಟಿಪ್ಪಣಿ ಬರೆದು, ಜಾಲದ ಸೇವೆಗಳಿಗೆ ಸಂಖ್ಯೆ ಹಂಚಿಕೊಡಲು ಒಬ್ಬ ಮುಖ್ಯಸ್ಥ ಬೇಕು, ಅದು ತಾನೇ ಆಗಬಹುದೇನೋ ಎಂದು ಅರೆ ತಮಾಷೆಯಲ್ಲಿ ಸೂಚಿಸಿದರು. ಸೂಚನೆ ನಿಜವೇ ಆಯಿತು. ಮುಂದಿನ ಇಪ್ಪತ್ತಾರು ವರ್ಷ, 1998ರಲ್ಲಿ ತೀರಿಕೊಳ್ಳುವವರೆಗೂ, ಸಂಖ್ಯೆಗಳ ಲೆಕ್ಕ ಅವರ ಹೆಸರಿನ ಜೊತೆಗೇ ಉಳಿಯಿತು. ಇತ್ತ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಯಾವ ಯಂತ್ರದ ಹೆಸರೇನು, ನಂಬರೇನು ಎಂಬ ಪಟ್ಟಿಯನ್ನು ಒಂದೇ ಕಡತದಲ್ಲಿ ಕಾಪಾಡುತ್ತಿತ್ತು. ಉಳಿದವರೆಲ್ಲ ಅದರ ನಕಲು ತೆಗೆದುಕೊಳ್ಳುತ್ತಿದ್ದರು.

ನಮ್ಮ ಹಳ್ಳಿಗಳ ಶ್ಯಾನುಭೋಗರ ಕೆಲಸದ ಹಾಗೆಯೇ ಇದು. ಯಾವ ಸರ್ವೆ ನಂಬರು ಯಾರದೆಂದು ಒಂದೇ ಪುಸ್ತಕ ಹೇಳಬೇಕು. ಎರಡು ಪುಸ್ತಕಗಳಾದರೆ ಕಟ್ಲೆ ಗ್ಯಾರಂಟಿ. ಸೆಪ್ಟೆಂಬರ್ 1981ರಲ್ಲಿ ಪ್ರಕಟವಾದ ಪೋಸ್ಟೆಲ್ಲರ ಪಟ್ಟಿಯಲ್ಲಿ 10ನೇ ನಂಬರಿನ ಜಾಲ ಸ್ವತಃ ಅರ್ಪಾನೆಟ್‌ನದು. ಈ 10ನ್ನು ನೆನಪಿಡಿ, ಮುಂದೆ ಬರುತ್ತದೆ. ಅದೇ ತಿಂಗಳು ಪ್ರಕಟವಾದ ಇನ್ನೊಂದು ದಾಖಲೆ ಇಂಟರ್ನೆಟ್ ವಿಳಾಸಕ್ಕೆ 32 ಬಿಟ್ ಎಂದು ಗೊತ್ತುಮಾಡಿತು. ಲೆಕ್ಕ ಹಾಕಿದರೆ ಸುಮಾರು 429 ಕೋಟಿ ವಿಳಾಸಗಳು. 1983ರ ಜನವರಿ 1ರಂದು ಅರ್ಪಾನೆಟ್ ಈ ಹೊಸ ಪದ್ಧತಿಗೆ ಬದಲಾಯಿತು. ಅಷ್ಟು ವಿಳಾಸ ಮುಗಿಯುವುದುಂಟೇ ಎನ್ನುವ ಕಾಲ ಅದು.

ವಠಾರದಲ್ಲಿ ಕೂಗುವ ಪದ್ಧತಿ

ಖಾತೆ ಪುಸ್ತಕ ದೂರದ ಜಾಲಗಳ ಮಾತಾಯಿತು. ಒಂದೇ ಕಟ್ಟಡದೊಳಗಿನ ಕಥೆ ಬೇರೆ. ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಪ್ರಯೋಗಾಲಯದಲ್ಲಿ ಬಾಬ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ 1973ರಿಂದ ರೂಪಿಸಿದ ಈಥರ್‌ನೆಟ್‌ನಲ್ಲಿ ಎಲ್ಲ ಯಂತ್ರಗಳೂ ಒಂದೇ ತಂತಿಗೆ ಕಿವಿಗೊಟ್ಟು ಕೂತಿರುತ್ತಿದ್ದವು. 1980ರಲ್ಲಿ ಅದು ಉದ್ಯಮದ ಮಾನಕವಾದಾಗ ಪ್ರತಿ ಕಾರ್ಡಿಗೂ ತಯಾರಕರೇ 48 ಬಿಟ್‌ಗಳ ಒಂದು ನಂಬರನ್ನು ಕೆತ್ತಿ ಕಳಿಸುವ ಏರ್ಪಾಡಾಯಿತು. ಈಗ ಮ್ಯಾಕ್ ವಿಳಾಸ ಎನ್ನುವುದು ಇದನ್ನೇ. ಹೀಗೆ ಒಂದು ಯಂತ್ರಕ್ಕೆ ಎರಡು ನಂಬರುಗಳಾದವು: ಹುಟ್ಟಿನಿಂದ ಬಂದ ಕಾರ್ಡಿನ ನಂಬರು, ಜಾಲದಲ್ಲಿ ಕೊಟ್ಟ ಐಪಿ ನಂಬರು. ಎರಡಕ್ಕೂ ಗಂಟು ಹಾಕುವುದು ಹೇಗೆ?

ನವೆಂಬರ್ 1982ರಲ್ಲಿ ಎಂಐಟಿಯ ಡೇವಿಡ್ ಪ್ಲಮ್ಮರ್ ಉತ್ತರ ಬರೆದರು. ಅದರ ಹೆಸರು ಎಆರ್‌ಪಿ. ಉಪಾಯ ಎಷ್ಟು ಸರಳವೆಂದರೆ ಹಳೆಯ ಬೆಂಗಳೂರಿನ ಯಾವುದಾದರೂ ವಠಾರದಲ್ಲಿ ನಿಂತು ವಿವರಿಸಬಹುದು. ಹೊಸಬನೊಬ್ಬ ಅಂಗಳದಲ್ಲಿ ನಿಂತು, "ಹತ್ತನೇ ನಂಬರಿನವರು ಯಾರ್ರೀ?" ಎಂದು ಕೂಗುತ್ತಾನೆ. ಹತ್ತನೇ ಮನೆಯವರು, "ನಾವೇ, ಇಲ್ಲಿದ್ದೀವಿ" ಎನ್ನುತ್ತಾರೆ. ಉಳಿದವರು ಸುಮ್ಮನಿರುತ್ತಾರೆ. ಕೇಳಿದವನು ಅದನ್ನು ಚೀಟಿಯಲ್ಲಿ ಬರೆದುಕೊಂಡು ಸ್ವಲ್ಪ ಹೊತ್ತು ಜೇಬಿನಲ್ಲಿಡುತ್ತಾನೆ. ಪುಸ್ತಕ ಬೇಡ, ಶ್ಯಾನುಭೋಗರು ಬೇಡ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, "ನಾವೇ" ಎಂದವರು ನಿಜಕ್ಕೂ ಅವರೇ ಹೌದೇ ಎಂದು ಕೇಳುವ ಏರ್ಪಾಡೇ ಇಲ್ಲ. ಎರಡು, ಮೊದಲೊಬ್ಬರು ಹೇಳಿದ್ದರೂ ಆಮೇಲೆ ಇನ್ನೊಬ್ಬರು "ಹತ್ತು ನಮ್ಮದು" ಎಂದರೆ ಚೀಟಿಯಲ್ಲಿದ್ದ ಹಳೆಯ ಉತ್ತರ ಅಳಿಸಿ ಹೊಸದನ್ನು ಬರೆಯಬೇಕೆಂದೇ ನಿಯಮ. ಇದನ್ನು ಮರೆವು ಅಂದುಕೊಳ್ಳಬೇಕಿಲ್ಲ, ಅದು ಆ ಕಾಲಕ್ಕೆ ತಕ್ಕ ಅನುಕೂಲವೇ ಆಗಿತ್ತು. ಯಂತ್ರದ ಕಾರ್ಡ್ ಸುಟ್ಟುಹೋಗಿ ಹೊಸದು ಹಾಕಿದರೆ ಹಳೆಯ ಚೀಟಿ ಹಿಡಿದು ಕೂತವರಿಗೆ ಅದು ಸಿಗುವುದಿಲ್ಲವಲ್ಲ. ಆ ತಂತಿಯ ಮೇಲಿದ್ದವರು ಒಂದೇ ಸಂಸ್ಥೆಯವರು. ಸುಳ್ಳು ಹೇಳುವ ಯಂತ್ರದ ಕಲ್ಪನೆ ಆ ಅಂಗಳದಲ್ಲಿ ಇರಲಿಲ್ಲ.

ನಮ್ಮ ಮನೆಯ ವೈಫೈಯಲ್ಲಿ ಇವತ್ತಿಗೂ ಓಡುತ್ತಿರುವುದು ಇದೇ 1982ರ ಪದ್ಧತಿ. ಸರ್ವರೂ ಕ್ಯಾಮೆರಾವೂ ಒಂದೇ ನಂಬರಿಗೆ "ನಾನೇ" ಎಂದಾಗ ಪ್ರತಿ ಫೋನು, ಪ್ರತಿ ಲ್ಯಾಪ್‌ಟಾಪು ತನಗೆ ಕೊನೆಯಲ್ಲಿ ಕೇಳಿಸಿದ ದನಿಯನ್ನು ನಂಬುತ್ತದೆ. ಜೇಬಿನ ಚೀಟಿಗಳು ಬೇರೆ ಬೇರೆ ಹೊತ್ತಿಗೆ ಹಳತಾಗುತ್ತವೆ. ಫೋನಿಗೆ ಒಂದು, ಲ್ಯಾಪ್‌ಟಾಪಿಗೆ ಇನ್ನೊಂದು ಕಾಣುವ ವಿಚಿತ್ರಕ್ಕೆ ಕಾರಣ ಇಷ್ಟೇ.

ಬಾಡಿಗೆಗೆ ಬಂದ ನಂಬರುಗಳು

ಯಂತ್ರಗಳು ಹೆಚ್ಚಾದಂತೆ ಪ್ರತಿಯೊಂದಕ್ಕೂ ಕೈಯಾರೆ ನಂಬರು ಬರೆಯುವುದು ತಲೆನೋವಾಯಿತು. 1985ರಲ್ಲಿ ಬೂಟ್‌ಪಿ ಎಂಬ ಪದ್ಧತಿ ಬಂತು. ಅದರ ಮುಂದಿನ ಹೆಜ್ಜೆಯಾಗಿ ಅಕ್ಟೋಬರ್ 1993ರಲ್ಲಿ ರಾಲ್ಫ್ ಡ್ರೋಮ್ಸ್ ಅವರ ಹೆಸರಿನಲ್ಲಿ ಡಿಎಚ್‌ಸಿಪಿ ಪ್ರಕಟವಾಯಿತು. ಯಂತ್ರ ಎದ್ದ ಕೂಡಲೇ "ನನಗೊಂದು ನಂಬರು ಕೊಡಿ" ಎನ್ನುತ್ತದೆ. ಜಾಲದಲ್ಲಿ ಆ ಕೆಲಸಕ್ಕೆಂದೇ ಕೂತ ಯಂತ್ರ ತನ್ನ ಪುಸ್ತಕ ನೋಡಿ ಖಾಲಿ ಇರುವುದೊಂದನ್ನು ಇಷ್ಟು ಹೊತ್ತಿಗೆಂದು ಬಾಡಿಗೆಗೆ ಕೊಡುತ್ತದೆ. ಶ್ಯಾನುಭೋಗರು ಮತ್ತೆ ಬಂದರು, ಈ ಸಲ ಮನೆಮನೆಗೂ ಒಬ್ಬರು. ನಮ್ಮ ರೌಟರ್ ಮಾಡುವ ಮುಖ್ಯ ಕೆಲಸಗಳಲ್ಲಿ ಇದೂ ಒಂದು.

ಮನೆಯ ಜಗಳಗಳಲ್ಲಿ ಬಹುಪಾಲು ಈ ಎರಡು ಕಾಲಗಳ ನಡುವಿನ ಬಿರುಕಿನಲ್ಲೇ ಹುಟ್ಟುತ್ತವೆ. ರೌಟರ್ ಬಾಡಿಗೆ ಪುಸ್ತಕ ಬರೆಯುತ್ತದೆ. ಆದರೆ ಯಾರಾದರೂ ಪುಸ್ತಕಕ್ಕೆ ತಿಳಿಸದೆ ಕೈಯಾರೆ ನಂಬರು ಬರೆದುಕೊಂಡರೆ ತಡೆಯುವ ಅಧಿಕಾರ ಅದಕ್ಕಿಲ್ಲ. ಕ್ಯಾಮೆರಾ ಹಾಕಿದ ಹುಡುಗ ಮಾಡಿದ್ದು ಅದನ್ನೇ. ಇನ್ನೊಂದು ಬಗೆಯೂ ಉಂಟು. ಸರ್ವರಿಗೆ ಕೈಯಾರೆ ಕೊಟ್ಟ ನಂಬರು ರೌಟರಿನ ಬಾಡಿಗೆ ಸಾಲಿನೊಳಗೇ ಇರುತ್ತದೆ. ಒಂದು ದಿನ ಕರೆಂಟು ಹೋಗಿ ಬಂದಾಗ ಸರ್ವರ್ ಏಳುವುದು ನಿಧಾನ. ಅಷ್ಟರಲ್ಲಿ ರೌಟರ್ ಆ ನಂಬರನ್ನು ನೆಂಟರ ಫೋನಿಗೆ ಕೊಟ್ಟಿರುತ್ತದೆ. ಮೂರನೆಯದು, ಸಿಗ್ನಲ್ ಸಾಲದೆಂದು ಎರಡನೇ ರೌಟರ್ ತಂದು ಹಾಗೇ ಚುಚ್ಚುವುದು. ಆಗ ಒಂದು ಮನೆಗೆ ಎರಡು ಪುಸ್ತಕ, ಇಬ್ಬರು ಶ್ಯಾನುಭೋಗರು.

1994ರ ವಾದ

ಹೊರಗಿನ ಲೋಕದಲ್ಲಿ ಈ ಹೊತ್ತಿಗೆ 429 ಕೋಟಿಯೂ ಸಾಲದು ಎಂಬ ಅಂಜಿಕೆ ಶುರುವಾಗಿತ್ತು. ಮಾರ್ಚ್ 1994ರಲ್ಲಿ ಯಾಕೊವ್ ರೆಖ್ಟರ್ ಮತ್ತು ಸಂಗಡಿಗರು ಒಂದು ಪರಿಹಾರ ಮುಂದಿಟ್ಟರು. ಕೆಲವು ವಿಳಾಸಗಳನ್ನು ಯಾರಿಗೂ ಸ್ವಂತ ಕೊಡದೆ ಎಲ್ಲರಿಗೂ ಬಿಟ್ಟುಬಿಡೋಣ; ತಮ್ಮ ಕಟ್ಟಡದೊಳಗೆ ಯಾರು ಬೇಕಾದರೂ ಬಳಸಲಿ, ಹೊರಗೆ ಮಾತ್ರ ಬರಕೂಡದು. ಹಾಗೆ ಬಿಟ್ಟುಕೊಟ್ಟ ಸಾಲುಗಳಲ್ಲಿ 192.168ರಿಂದ ಶುರುವಾಗುವುದು ಒಂದು. ಇನ್ನೊಂದು, ಅದೇ 10. ಅರ್ಪಾನೆಟ್ 1990ರಲ್ಲಿ ಬಾಗಿಲು ಹಾಕಿತ್ತು. ಅದರ ಮನೆ ನಂಬರು ಈಗ ಊರ ಗೋಮಾಳವಾಯಿತು. ನಿಮ್ಮ ಆಫೀಸಿನ ಕಂಪ್ಯೂಟರಿನಲ್ಲಿ 10ರಿಂದ ಶುರುವಾಗುವ ವಿಳಾಸ ಕಂಡರೆ ಅದು ಇಂಟರ್ನೆಟ್ಟಿನ ಅಜ್ಜನ ಮನೆಯ ನಂಬರು. ಅದೇ ವರ್ಷದ ಮೇ ತಿಂಗಳಲ್ಲಿ ನ್ಯಾಟ್ ಎಂಬ ತಂತ್ರವನ್ನು ವಿವರಿಸುವ ದಾಖಲೆಯೂ ಬಂತು. ಒಳಗಿನ ಹಲವು ಯಂತ್ರಗಳು ಹೊರಗಿನ ಒಂದೇ ವಿಳಾಸದ ಮರೆಯಲ್ಲಿ ಇಂಟರ್ನೆಟ್ ಬಳಸುವ ದಾರಿ ಅದು.

ಎಲ್ಲರೂ ಒಪ್ಪಲಿಲ್ಲ. ಜುಲೈ 1994ರಲ್ಲಿ ಎಲಿಯಟ್ ಲಿಯರ್ ಮತ್ತು ಇತರ ಮೂವರು ಖಂಡಿಸಿ ಬರೆದರು. ಒಂದು ವಿಳಾಸ ಲೋಕದಲ್ಲಿ ಒಬ್ಬರಿಗೇ ಸೇರಿರಬೇಕೆಂಬುದು ಇಂಟರ್ನೆಟ್ಟಿನ ಅಡಿಪಾಯ. ಅದನ್ನು ಸಡಿಲಿಸಿದರೆ ಇವತ್ತು ಬೇರೆಯಾಗಿರುವ ಎರಡು ಜಾಲಗಳು ನಾಳೆ ಒಂದನ್ನೊಂದು ಸೇರಬೇಕೆಂದಾಗ ಒಂದೇ ನಂಬರಿನ ಯಂತ್ರಗಳು ಎದುರುಬದುರಾಗುತ್ತವೆ ಎಂಬುದು ಅವರ ವಾದದ ತಿರುಳು. ಫೆಬ್ರವರಿ 1996ರಲ್ಲಿ ನಿಯಮ ಪರಿಷ್ಕರಣೆಯಾಗಿ ಮತ್ತೆ ಪ್ರಕಟವಾದಾಗ ಅದರ ಬರಹಗಾರರ ಸಾಲಿನಲ್ಲಿ ರೆಖ್ಟರ್ ತಂಡದ ಜೊತೆ ಲಿಯರ್ ಹೆಸರೂ ಇತ್ತು. ಆ ಪತ್ರದಲ್ಲಿ ಒಂದು ಎಚ್ಚರಿಕೆ ಉಳಿಯಿತು: ಈ ಸಾಲುಗಳಿಂದ ನಂಬರು ಆರಿಸುವವರು ಕಣ್ಣುಮುಚ್ಚಿ ಎಲ್ಲೋ ಒಂದು ಕಡೆಯಿಂದ ಆರಿಸಿಕೊಳ್ಳಿ, ಆಗ ಮುಂದೆ ಇಬ್ಬರು ಸೇರಿದರೂ ಡಿಕ್ಕಿಯ ಸಾಧ್ಯತೆ ಕಡಿಮೆ.

ಈ ಸಲಹೆಯನ್ನು ಮನೆಯ ರೌಟರ್ ತಯಾರಕರು ಕಿವಿಗೆ ಹಾಕಿಕೊಳ್ಳಲಿಲ್ಲ. ಕಾರ್ಖಾನೆಯಿಂದ ಬರುವ ಪೆಟ್ಟಿಗೆಗಳು ಹೆಚ್ಚಾಗಿ 192.168.0 ಅಥವಾ 192.168.1 ಎಂದೇ ಹಣೆಬರಹ ಬರೆಸಿಕೊಂಡು ಬರುತ್ತವೆ. ನಮ್ಮ ದೇಶದಲ್ಲಿ 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಡಲು ಶುರುಮಾಡಿದಾಗ ಮನೆಯಲ್ಲಿ ಇದ್ದದ್ದು ಒಂದೇ ಕಂಪ್ಯೂಟರು, ಫೋನ್ ಲೈನಿಗೆ ಹಚ್ಚಿದ್ದು. ಜಗಳಕ್ಕೆ ಎರಡನೆಯದೇ ಇರಲಿಲ್ಲ. ಬ್ರಾಡ್‌ಬ್ಯಾಂಡ್ ಬಂದು ಪ್ರತಿ ಮನೆಯೂ ಒಂದು ಜಾಲವಾದ ಮೇಲೆ ಈ ಹಣೆಬರಹ ಎಲ್ಲರ ಮನೆಗೂ ಬಂತು.

1994ರ ಆ ನಾಲ್ವರು ಯೋಚಿಸುತ್ತಿದ್ದದ್ದು ಕಂಪನಿಗಳು ಒಂದಾಗುವ ಸಂದರ್ಭವನ್ನು. ಅವರ ಎಚ್ಚರಿಕೆ ನಮ್ಮಂಥವರಿಗೂ ಅಷ್ಟೇ ತಾಗುತ್ತದೆ. ಪುಣೆಯ ಫ್ಲ್ಯಾಟಿನಲ್ಲಿ ಒಂದು ಜಾಲ, ಧಾರವಾಡದ ಅಪ್ಪ ಅಮ್ಮನ ಮನೆಯಲ್ಲಿ ಇನ್ನೊಂದು. ಊರಿನ ಮನೆಯ ಸರ್ವರಿನಲ್ಲಿರುವ ಫೋಟೋ ನೋಡಲೋ, ಗೇಟಿನ ಕ್ಯಾಮೆರಾ ನೋಡಲೋ ಎರಡನ್ನೂ ವಿಪಿಎನ್ ಮೂಲಕ ಬೆಸೆಯುತ್ತೇವೆ. ಎರಡೂ ಕಡೆ 192.168.1. ಪುಣೆಯಲ್ಲಿ ಕೂತು 192.168.1.10 ಎಂದರೆ ಲ್ಯಾಪ್‌ಟಾಪು ಧಾರವಾಡದತ್ತ ನೋಡುವುದೇ ಇಲ್ಲ. ಪಕ್ಕದ ಕೋಣೆಯ ಪ್ರಿಂಟರನ್ನು ಹುಡುಕುತ್ತದೆ. ಯಾರೂ ಯಾರ ನಂಬರನ್ನೂ ಕದ್ದಿಲ್ಲ. ಎರಡು ಮನೆಗಳು ಸೇರುತ್ತವೆಂದು ಪೆಟ್ಟಿಗೆ ಮಾಡಿದವರು ಯೋಚಿಸಿರಲಿಲ್ಲ, ಅಷ್ಟೆ.

ಕದ್ದ ನಂಬರು

ಇಲ್ಲಿಯವರೆಗಿನದು ಅಚಾತುರ್ಯದ ಕಥೆ. ಬೇಕೆಂದೇ ಮಾಡುವವರ ಕಥೆ ಬೇರೆ.

1980ರ ದಶಕದ ಯೂನಿಕ್ಸ್ ಯಂತ್ರಗಳಲ್ಲಿ ಒಂದು ಸೌಕರ್ಯವಿತ್ತು. ಇಂಥ ನಂಬರಿನ ಯಂತ್ರದಿಂದ ಬಂದವರನ್ನು ಪಾಸ್‌ವರ್ಡ್ ಕೇಳದೆ ಒಳಗೆ ಬಿಡು ಎಂದು ಬರೆದಿಡಬಹುದಿತ್ತು. ವಿಳಾಸವೇ ಗುರುತಿನ ಚೀಟಿಯಾಯಿತು. ಇದು ಅಪಾಯವೆಂದು ಬೆಲ್ ಲ್ಯಾಬ್ಸ್‌ನ ಸ್ಟೀವನ್ ಬೆಲ್ಲೋವಿನ್ 1989ರಲ್ಲೇ ವಿವರವಾಗಿ ಬರೆದಿದ್ದರು. ಕೇಳಿದವರು ಕಡಿಮೆ. 1994ರ ಕ್ರಿಸ್‌ಮಸ್ ದಿನ ಕ್ಯಾಲಿಫೋರ್ನಿಯಾದ ಸಂಶೋಧಕ ತ್ಸುತೋಮು ಶಿಮೊಮುರಾ ಅವರ ಯಂತ್ರಗಳ ಮೇಲೆ ದಾಳಿಯಾಯಿತು. ಅವರ ಒಂದು ಯಂತ್ರ ತಮ್ಮದೇ ಸರ್ವರಿನ ವಿಳಾಸವನ್ನು ನಂಬುತ್ತಿತ್ತು. ದಾಳಿಕೋರ ಮೊದಲು ಆ ಸರ್ವರಿಗೆ ಸುಳ್ಳು ಸಂಪರ್ಕಗಳ ಸುರಿಮಳೆ ಕರೆದು ಅದರ ಬಾಯಿ ಕಟ್ಟಿಸಿದ. ಆಮೇಲೆ ದೂರದಿಂದಲೇ ಅದರ ವಿಳಾಸ ಹಾಕಿಕೊಂಡು "ನಾನೇ ಸರ್ವರ್" ಎಂದ. ನಂಬಿದ ಯಂತ್ರ ಬಾಗಿಲು ತೆರೆಯಿತು. ದಾಳಿಯ ಆರೋಪ ಹೊತ್ತ ಕೆವಿನ್ ಮಿಟ್ನಿಕ್ 1995ರ ಫೆಬ್ರವರಿಯಲ್ಲಿ ನಾರ್ತ್ ಕ್ಯಾರೊಲಿನಾದ ರಾಲಿಯಲ್ಲಿ ಸಿಕ್ಕಿಬಿದ್ದ.

ಇದರ ಸಣ್ಣ ರೂಪ ನಮ್ಮ ನಗರಗಳಲ್ಲೂ ನಡೆದಿದೆ. 2000ದ ದಶಕದ ಮೊದಲ ವರ್ಷಗಳಲ್ಲಿ ಮುಂಬೈಯಂಥ ಕಡೆ ಕೇಬಲ್‌ವಾಲಾ ಕೊಡುತ್ತಿದ್ದ ಇಂಟರ್ನೆಟ್ಟಿನಲ್ಲಿ ಇಡೀ ಕಟ್ಟಡವೇ ಒಂದು ಜಾಲ. ಹಣ ಕಟ್ಟಿದವರ ಐಪಿ ನಂಬರಿಗೂ ಕಾರ್ಡಿನ ನಂಬರಿಗೂ ಗಂಟು ಹಾಕಿ ಸೇವೆ ಕೊಡುತ್ತಿದ್ದರು. ಕಾರ್ಡಿನ ನಂಬರನ್ನು ಸಾಫ್ಟ್‌ವೇರಿನಲ್ಲಿ ಬದಲಿಸಿಕೊಳ್ಳುವುದು ಗೊತ್ತಿದ್ದ ಹುಡುಗರಿಗೆ ಕೆಳಗಿನ ಮಹಡಿಯವರ ಎರಡೂ ನಂಬರು ಹಾಕಿಕೊಂಡು ಅವರ ಲೆಕ್ಕದಲ್ಲಿ ಓಡಾಡುವುದು ಕಷ್ಟವಿರಲಿಲ್ಲ. ಹಣ ಕಟ್ಟಿದವರಿಗೆ ಇಂಟರ್ನೆಟ್ ಆಗಾಗ ಕಡಿಯುತ್ತಿತ್ತು, ಕಾರಣ ತಿಳಿಯುತ್ತಿರಲಿಲ್ಲ.

ಸರಿಯಾದ ಉತ್ತರ ಬಂದದ್ದು ಫಿನ್‌ಲ್ಯಾಂಡಿನಿಂದ. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡ್‌ಗಳನ್ನು ಕದ್ದು ಕೇಳಿಸಿಕೊಂಡ ಮೇಲೆ ತಾತು ಯಲೋನೆನ್ 1995ರಲ್ಲಿ ಎಸ್‌ಎಸ್‌ಎಚ್ ಬರೆದರು. ಅದರಲ್ಲಿ ಪ್ರತಿ ಸರ್ವರಿಗೂ ತನ್ನದೇ ಒಂದು ಗುಪ್ತ ಕೀಲಿ. ಮೊದಲ ಭೇಟಿಯಲ್ಲಿ ನಿಮ್ಮ ಯಂತ್ರ ಅದರ ಗುರುತನ್ನು ನೆನಪಿಟ್ಟುಕೊಳ್ಳುತ್ತದೆ. ಮುಂದೆ ಅದೇ ವಿಳಾಸದಲ್ಲಿ ಬೇರೆ ಯಾರಾದರೂ ಕೂತಿದ್ದರೆ, ಈ ಯಂತ್ರದ ಗುರುತು ಬದಲಾಗಿದೆ ಎಂದು ದೊಡ್ಡ ಅಕ್ಷರದಲ್ಲಿ ಕಿರುಚಿ ನಿಂತುಬಿಡುತ್ತದೆ. ನಾವು ಅನೇಕರು ಆ ಕಿರುಚಾಟವನ್ನು ಕಿರಿಕಿರಿಯೆಂದು ಅಳಿಸಿಹಾಕುತ್ತೇವೆ. ಆದರೆ ವಿಳಾಸ ಬೇರೆ, ಗುರುತು ಬೇರೆ ಎಂದು ನಮ್ಮ ಮನೆಯೊಳಗೆ ಗಟ್ಟಿಯಾಗಿ ಹೇಳುವ ದನಿಗಳು ಕಡಿಮೆ, ಅವುಗಳಲ್ಲಿ ಅದೊಂದು.

ಮನೆಯ ಪಂಚಾಯಿತಿ

2008ರ ಜುಲೈಯಲ್ಲಿ ಸ್ಟುವರ್ಟ್ ಚೆಷೈರ್ ಬರೆದ ನಿಯಮವೊಂದು ಎಆರ್‌ಪಿಗೆ ಸ್ವಲ್ಪ ಮರ್ಯಾದೆ ಕಲಿಸಿತು. ನಂಬರು ಹಾಕಿಕೊಳ್ಳುವ ಮೊದಲು "ಇದು ಯಾರದಾದರೂ ಇದೆಯೇ?" ಎಂದು ಕೇಳು, ಉತ್ತರ ಬಂದರೆ ಬಿಟ್ಟುಬಿಡು. ಆಮೇಲೂ ಯಾರಾದರೂ ನಿನ್ನ ನಂಬರು ಹೇಳಿದರೆ ಒಮ್ಮೆ "ಇದು ನನ್ನದು" ಎನ್ನು. ಹತ್ತು ಸೆಕೆಂಡಿನೊಳಗೆ ಮತ್ತೆ ಜಗಳ ಬಂದರೆ ಸಾಮಾನ್ಯವಾಗಿ ಬಿಟ್ಟುಕೊಡು. ಎಲ್ಲರೂ ನಂಬಿಕೊಂಡಿರುವ ಸರ್ವರ್, ರೌಟರುಗಳಿಗೆ ಮಾತ್ರ ಹಟ ಹಿಡಿದು ನಿಲ್ಲಲು ಅವಕಾಶವಿದೆ. ಎಲ್ಲ ಯಂತ್ರಗಳೂ ಈ ನಡವಳಿಕೆ ಪಾಲಿಸುತ್ತವೆಂದು ನಂಬಿ ಕೂರುವ ಹಾಗಿಲ್ಲ. ಅಲ್ಲಿ ಪಂಚಾಯಿತಿ ನಾವೇ ಮಾಡಬೇಕು.

ಅನುಮಾನ ಬಂದಾಗ ಮೊದಲು ಸರ್ವರಿನ ತಂತಿ ಕೀಳಿ. ಇನ್ನೊಂದು ಯಂತ್ರದಿಂದ ಅದೇ ನಂಬರನ್ನು ಕರೆದು ನೋಡಿ. ಆಗಲೂ ಉತ್ತರ ಬಂದರೆ ಬೇರೊಬ್ಬರು ಕೂತಿದ್ದಾರೆ. ಆ ಯಂತ್ರದ ಎಆರ್‌ಪಿ ಪಟ್ಟಿಯಲ್ಲಿ, ಅಂದರೆ ಜೇಬಿನ ಚೀಟಿಯಲ್ಲಿ, ಎದುರಿನವರ ಕಾರ್ಡಿನ ನಂಬರು ಕಾಣುತ್ತದೆ. ಅದರ ಮೊದಲರ್ಧ ಹೆಚ್ಚಾಗಿ ತಯಾರಕರು ಯಾರೆಂದು ಹೇಳುವುದರಿಂದ ಅದು ಕ್ಯಾಮೆರಾವೋ, ಟಿವಿಯೋ, ಫೋನೋ ಎಂದು ಊಹಿಸಬಹುದು. ಆಂಡ್ರಾಯ್ಡ್ 2019ರಿಂದ, ಐಫೋನ್ 2020ರಿಂದ ವೈಫೈಗೆ ತಾವೇ ಕಟ್ಟಿದ ಕಾರ್ಡ್ ನಂಬರು ಹೇಳುವುದರಿಂದ ಫೋನುಗಳ ಮಟ್ಟಿಗೆ ಈ ಊಹೆ ನಡೆಯದು.

ಪರಿಹಾರದ ಮೊದಲ ಹೆಜ್ಜೆ ಪುಸ್ತಕ ಒಂದೇ ಇರುವಂತೆ ನೋಡಿಕೊಳ್ಳುವುದು. ಸರ್ವರಿಗೆ ಕೈಯಾರೆ ನಂಬರು ಬರೆಯುವ ಬದಲು ರೌಟರಿನಲ್ಲೇ ಅದರ ಕಾರ್ಡಿನ ಹೆಸರಿಗೆ ನಂಬರು ಕಾದಿರಿಸಿ. ಕೈಯಾರೆ ಕೊಡಲೇಬೇಕಾದ ಯಂತ್ರಗಳಿಗೆ 2ರಿಂದ 50, ಬಾಡಿಗೆಗೆ 100ರಿಂದ 200 ಎಂದು ಸಾಲುಗಳನ್ನು ಬೇರೆ ಮಾಡಿ. ಎರಡನೇ ರೌಟರಿದ್ದರೆ ಅದರ ನಂಬರು ಹಂಚುವ ಕೆಲಸ ನಿಲ್ಲಿಸಿ. ಎರಡು ಊರಿನ ಮನೆಗಳನ್ನು ಬೆಸೆಯುವ ಯೋಚನೆಯಿದ್ದರೆ 1996ರ ಸಲಹೆಯನ್ನು ಈಗಲಾದರೂ ಕೇಳಿ, ಒಂದು ಮನೆಗೆ 10.73.41 ಎಂದೋ ಇನ್ನೊಂದಕ್ಕೆ 10.118.6 ಎಂದೋ ಮನಸ್ಸಿಗೆ ಬಂದ ಸಾಲು ಕೊಡಿ. ಅರ್ಧ ಗಂಟೆಯ ಕೆಲಸ. ಯಾವಾಗಲೋ ಹಬ್ಬಕ್ಕೆ ಊರಿಗೆ ಹೋದಾಗ ಮಾಡಿ ಬರಬಹುದು.

ಎರಡನೇ ಹೆಜ್ಜೆ, ನಂಬರನ್ನು ನಂಬರಿನಷ್ಟಕ್ಕೇ ನಂಬುವುದು. ಮನೆಯ ಜಾಲದಿಂದ ಬಂದವರನ್ನೆಲ್ಲ ಪಾಸ್‌ವರ್ಡಿಲ್ಲದೆ ಬಿಡುವಂತೆ ಸರ್ವರಿನಲ್ಲಿ ಬರೆದಿದ್ದರೆ ಅಳಿಸಿ. ಅದು 1994ರ ಕ್ರಿಸ್‌ಮಸ್ಸಿನ ಬಾಗಿಲು. ನೆಂಟರಿಗೂ ಅಗ್ಗದ ಕ್ಯಾಮೆರಾಗಳಿಗೂ ಬೇರೆ ವೈಫೈ ಕೊಡಿ. ಎಸ್‌ಎಸ್‌ಎಚ್ ಎಚ್ಚರಿಸಿದರೆ ಅಳಿಸುವ ಮೊದಲು ಏಕೆಂದು ನೋಡಿ. 2020ರಲ್ಲಿ ಲಿನಕ್ಸ್‌ನೊಳಗೇ ಸೇರಿದ ವೈರ್‌ಗಾರ್ಡ್ ಎಂಬ ವಿಪಿಎನ್ ಈ ಪಾಠವನ್ನು ಅಡಿಪಾಯಕ್ಕೇ ಹಾಕಿಕೊಂಡಿದೆ. ಅದರಲ್ಲಿ ಮೊದಲು ಕೀಲಿ, ಆಮೇಲೆ ವಿಳಾಸ. ಇಂಥ ಕೀಲಿ ಇದ್ದವರಿಗೆ ಮಾತ್ರ ಇಂಥ ನಂಬರು ಸಲ್ಲುತ್ತದೆ.

ವಿಳಾಸಗಳ ಬರ ಒಂದು ಬಗೆಯಲ್ಲಿ ಕಳೆದಿದೆ. 2011ರ ಫೆಬ್ರವರಿ 3ರಂದು ಹಳೆಯ 32 ಬಿಟ್ ವಿಳಾಸಗಳ ಕೇಂದ್ರ ಉಗ್ರಾಣ ಬರಿದಾಯಿತು; ಹೊಸ ಪದ್ಧತಿಯಾದ ಐಪಿವಿ6ರಲ್ಲಿ 128 ಬಿಟ್‌ಗಳಿವೆ, ಪ್ರತಿ ಯಂತ್ರಕ್ಕೂ ಲೋಕದಲ್ಲೇ ಬೇರೆಯಾದ ನಂಬರು ಕೊಡಬಹುದು. ಅದರಲ್ಲೂ ಯಂತ್ರ ನಂಬರು ಹಾಕಿಕೊಳ್ಳುವ ಮೊದಲು ಅಕ್ಕಪಕ್ಕದವರನ್ನು ಕೇಳುತ್ತದೆ, ಅದರಲ್ಲೂ ಪಕ್ಕದಲ್ಲಿರುವವನು ಸುಳ್ಳು ಹೇಳಬಲ್ಲ. ನಂಬರು ಎಷ್ಟೇ ಉದ್ದವಾಗಲಿ, ಅದು ಹೇಳುವುದು ಎಲ್ಲಿ ಎಂಬುದನ್ನು ಮಾತ್ರ. ಯಾರು ಎಂಬುದನ್ನು ಬೇರೆಯಾಗಿಯೇ ಕೇಳಿ ತಿಳಿದುಕೊಳ್ಳಬೇಕು. ಅಜ್ಜಿಯ ಹಾಡುಗಳನ್ನು ಒಪ್ಪಿಸಿರುವ ಪೆಟ್ಟಿಗೆಯ ವಿಷಯದಲ್ಲಂತೂ ಅಷ್ಟು ಕೇಳುವುದು ಹೆಚ್ಚಲ್ಲ.